ಅರ್ಜಿಯ ಮೊದಲ ಸಹಿ ಯಾರದು?

2019ರ ಅಕ್ಟೋಬರ್ ನೆನಪಿದೆಯಾ? ಇನ್ಫೋಸಿಸ್‌ನ ಲೆಕ್ಕಪತ್ರಗಳ ಬಗ್ಗೆ 'ನೈತಿಕ ನೌಕರರು' ಎಂಬ ಹೆಸರಲ್ಲಿ ಬರೆದ ದೂರಿನ ಪತ್ರವೊಂದು ಬಯಲಿಗೆ ಬಂದಿತ್ತು. ನ್ಯೂಯಾರ್ಕ್ ಪೇಟೆಯಲ್ಲಿ ಕಂಪನಿಯ ಷೇರು ಒಂದೇ ದಿನ ಶೇ. 12ರಷ್ಟು ಬಿತ್ತು. ಸುದ್ದಿ ಹೊರಬಿದ್ದದ್ದು 21ನೇ ತಾರೀಖು. 24ಕ್ಕೆಲ್ಲ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ಷೇರುದಾರರ ಪರವಾಗಿ ದಾವೆ ದಾಖಲಾಗಿತ್ತು. ನಮ್ಮ ಟೆಕ್ಕಿಗಳೆಲ್ಲ ಆ ಪತ್ರ ಬರೆದವರು ಯಾರಿರಬಹುದು ಅಂತ ಚರ್ಚೆ ಮಾಡ್ತಿದ್ದಾಗ ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ. ಅಮೆರಿಕದ ಒಂದಾದ ಮೇಲೊಂದು ವಕೀಲರ ಕಚೇರಿ ಪತ್ರಿಕಾ ಪ್ರಕಟಣೆ ಹೊರಡಿಸ್ತಿತ್ತು. ಎಲ್ಲದರ ಒಕ್ಕಣೆಯೂ ಒಂದೇ: ನೀವು ಇನ್ಫೋಸಿಸ್ ಷೇರು ಕೊಂಡು ನಷ್ಟ ಅನುಭವಿಸಿದ್ದರೆ ಡಿಸೆಂಬರ್ 23ರೊಳಗೆ ನಮ್ಮನ್ನು ಸಂಪರ್ಕಿಸಿ, 'ಲೀಡ್ ಪ್ಲೇಂಟಿಫ್' ಆಗಲು ಅರ್ಜಿ ಹಾಕಬಹುದು.

ಆ ಪ್ರಕರಣ ಮುಂದೆ ಏನೂ ಆಗಲಿಲ್ಲ. ಕಂಪನಿಯ ಆಡಿಟ್ ಸಮಿತಿ 2020ರ ಜನವರಿಯಲ್ಲಿ ಆರೋಪಗಳಿಗೆ ಪುರಾವೆ ಇಲ್ಲ ಅಂದಿತು, ಮೇ ತಿಂಗಳಲ್ಲಿ ದಾವೆಯನ್ನು ವಾಪಸ್ ಪಡೆದರು. ಆದರೆ ಆ ಗಡುವು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ದಾವೆ ಹೂಡಿದವರು ಒಬ್ಬರು ಆಗಲೇ ಇದ್ದಾರೆ. ಮತ್ತೆ ಅದನ್ನು ನಡೆಸುವವರನ್ನು ಹುಡುಕೋದು ಯಾಕೆ? ಹಾಕಿದವರದೇ ದಾವೆ ಅಲ್ಲವಾ?

ಹಳ್ಳಿಯಲ್ಲಿ ಬೆಳೆದವರಿಗೆ ಈ ಪ್ರಶ್ನೆ ಹೊಸದಲ್ಲ. ಕೆರೆ ಹೂಳು ತೆಗೆಸಿ ಅಂತಲೋ, ಸ್ಮಶಾನದ ಜಾಗ ಒತ್ತುವರಿಯಾಗಿದೆ ಅಂತಲೋ ತಹಸೀಲ್ದಾರರಿಗೆ ಊರೊಟ್ಟಿನ ಅರ್ಜಿ ಬರೆಯುವಾಗ ಒಕ್ಕಣೆ ಹತ್ತು ನಿಮಿಷದಲ್ಲಿ ಮುಗಿಯುತ್ತೆ. ಮೊದಲ ಸಹಿ ಯಾರದು ಅನ್ನೋದು ಇಡೀ ಸಂಜೆ ತಿನ್ನುತ್ತೆ. ಮೊದಲ ಸಹಿ ಹಾಕಿದವನ ಮನೆಗೇ ಅಧಿಕಾರಿ ಬರೋದು, ತಾಲೂಕು ಕಚೇರಿಗೆ ಬಸ್ ಚಾರ್ಜು ಅವನದೇ, ಎದುರು ಪಾರ್ಟಿ ರಾತ್ರಿ ಹೊತ್ತು ರಾಜಿಗೆ ಬಂದು ಕೂರೋದೂ ಅವನ ಜಗುಲಿಯ ಮೇಲೆಯೇ. ಮಿಕ್ಕ ನೂರು ಸಹಿಗಳ ಭವಿಷ್ಯ ಆ ಜಗುಲಿಯ ಮೇಲೆ ನಡೆಯುವ ಮಾತಿನಲ್ಲಿರುತ್ತೆ. ಕೋಟಿಗಟ್ಟಲೆ ಡಾಲರಿನ ಷೇರು ವಂಚನೆ ದಾವೆಗಳಲ್ಲೂ ಪ್ರಶ್ನೆ ಇದೇ. ಅದಕ್ಕೆ ಉತ್ತರ ಹುಡುಕಿಕೊಳ್ಳೋಕೆ ಇಂಗ್ಲಿಷ್ ಕಾನೂನಿನ ಪರಂಪರೆಗೆ ಮುನ್ನೂರು ವರ್ಷಕ್ಕೂ ಹೆಚ್ಚು ಹಿಡಿದಿದೆ.

ಈ ಕತೆಯ ಶುರುವೂ ಒಂದು ಹಳ್ಳಿಗಾಡಿನದೇ. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಸೀಸದ ಅದಿರು ತೆಗೆಯುವ ಗಣಿಗಾರರಿದ್ದರು. ತೆಗೆದ ಅದಿರಿನಲ್ಲಿ ತನಗೆ ದಶಾಂಶ ಬರಬೇಕು ಅಂತ ಊರಿನ ಚರ್ಚಿನ ಪಾದ್ರಿ ದಾವೆ ಹೂಡಿದ. ಗಣಿಗಾರರು ನೂರಾರು ಜನ, ಎಲ್ಲರನ್ನೂ ಕೋರ್ಟಿಗೆ ಎಳೆಯೋದು ಆಗದ ಮಾತು. ಹಾಗಾಗಿ ಅವರೇ ನಾಲ್ವರನ್ನು ಹೆಸರಿಸಿ ನಮ್ಮ ಪರ ಇವರು ವಾದಿಸ್ತಾರೆ ಅಂದರು. ತೀರ್ಪು ಪಾದ್ರಿಯ ಕಡೆಗಾಯ್ತು. ಆಮೇಲೆ ವರ್ಮುಡೆನ್ ಎಂಬ ಗಣಿ ಮಾಲೀಕ, 'ನಾನು ಆ ದಾವೆಯಲ್ಲಿ ಇರಲೇ ಇಲ್ಲ, ಆ ತೀರ್ಪು ನನಗೆ ಯಾಕೆ ಅನ್ವಯಿಸಬೇಕು' ಅಂತ ತಕರಾರು ತೆಗೆದ. 1676ರಲ್ಲಿ ಚಾನ್ಸರಿ ಕೋರ್ಟು ಅವನ ವಾದವನ್ನು ಒಪ್ಪಲಿಲ್ಲ. ಹೀಗೆ ಒಬ್ಬೊಬ್ಬರನ್ನೂ ಬಿಡ್ತಾ ಹೋದರೆ ಇಂಥ ವ್ಯಾಜ್ಯಗಳು ಮುಗಿಯೋದೇ ಇಲ್ಲ ಅಂತ ಅದರ ಕಾರಣ. ನೀವು ಹಾಜರಿಲ್ಲದ, ನೀವು ಮಾತಾಡದ ದಾವೆಯ ತೀರ್ಪು ನಿಮಗೂ ಅಂಟುತ್ತೆ ಎಂಬ ವಿಚಿತ್ರ ತತ್ವ ಇಂಥ ತೀರ್ಪುಗಳಿಂದ ಬೆಳೆದು ಬಂತು. ನಮ್ಮಲ್ಲೂ ಇದೆ: 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 1ನೇ ಆದೇಶದ 8ನೇ ನಿಯಮ. ದೇವಸ್ಥಾನದ ಜಮೀನು, ಗೋಮಾಳ, ಓಣಿ ರಸ್ತೆಯ ವ್ಯಾಜ್ಯಗಳಲ್ಲಿ 'ಊರಿನ ಸಮಸ್ತ ಜನರ ಪರವಾಗಿ' ಅಂತ ಪೇಪರಿನ ಒಳಪುಟದಲ್ಲಿ ಬರುವ ಪುಟ್ಟ ನೋಟಿಸು ಇದೇ ನಿಯಮದ್ದು.

ಡರ್ಬಿಶೈರ್‌ನಲ್ಲಿ ಒಂದು ಅನುಕೂಲ ಇತ್ತು. ಗಣಿಗಾರರಿಗೆ ಒಬ್ಬರಿಗೊಬ್ಬರ ಮುಖಪರಿಚಯ ಇತ್ತು. ಆ ನಾಲ್ವರು ಯಾರು, ಎಂಥವರು ಅಂತ ಗೊತ್ತಿತ್ತು. ಷೇರುದಾರರಿಗೆ ಈ ಭಾಗ್ಯ ಇಲ್ಲ. ಒಂದು ಕಂಪನಿಯ ಷೇರು ಕೊಂಡ ಲಕ್ಷಾಂತರ ಜನಕ್ಕೆ ಪರಸ್ಪರ ಹೆಸರೂ ಗೊತ್ತಿರಲ್ಲ. 1966ರಲ್ಲಿ ಅಮೆರಿಕ ತನ್ನ ಫೆಡರಲ್ ಸಿವಿಲ್ ನಿಯಮಾವಳಿಯ 23ನೇ ನಿಯಮವನ್ನು ತಿದ್ದಿದಾಗ ಒಂದು ದೊಡ್ಡ ಬದಲಾವಣೆ ಆಯ್ತು: ಪರಿಹಾರದ ಹಣ ಕೇಳುವ ಸಮೂಹ ದಾವೆಗಳಲ್ಲಿ, 'ನಾನು ಇದರಲ್ಲಿ ಇಲ್ಲ' ಅಂತ ಬರೆದು ಕೊಡದವರೆಲ್ಲ ಒಳಗಿದ್ದಾರೆ ಅಂತಲೇ ಲೆಕ್ಕ. ಸುಮ್ಮನಿದ್ದರೆ ಒಪ್ಪಿಗೆ. ಹಾಗಾಗಿ ಒಬ್ಬನೇ ಒಬ್ಬ ಷೇರುದಾರನ ಹೆಸರಿಟ್ಟುಕೊಂಡು ಲಕ್ಷ ಜನರ ದಾವೆ ಹೂಡಬಹುದಾಯ್ತು. ವಕೀಲರ ಫೀಸು ಗೆದ್ದ ಹಣದಲ್ಲಿ ಒಂದು ಪಾಲು. ಆ ಪಾಲನ್ನು ತೀರ್ಮಾನಿಸೋದು ಕೋರ್ಟು.

ಇಲ್ಲಿಂದ ಮುಂದೆ ಏನಾಗಬಹುದು ಅಂತ ಊಹಿಸೋದು ಕಷ್ಟ ಅಲ್ಲ. ಒಂದು ಷೇರು ಬಿದ್ದರೆ ಹತ್ತು ವಕೀಲರು ಹತ್ತು ದಾವೆ ಹಾಕ್ತಾರೆ. ಕೋರ್ಟು ಎಲ್ಲವನ್ನೂ ಒಂದು ಮಾಡುತ್ತೆ. ಒಂದಾದ ದಾವೆಯನ್ನು ಯಾರು ನಡೆಸಬೇಕು? ಬಹುತೇಕ ಕೋರ್ಟುಗಳು ಮೊದಲು ಬಂದವರಿಗೇ ಮಣೆ ಹಾಕ್ತಿದ್ದವು. ಸರಿ, ಓಟ ಶುರುವಾಯ್ತು. ಬೆಳಗ್ಗೆ ಷೇರು ಬಿದ್ದರೆ ಮಧ್ಯಾಹ್ನಕ್ಕೆ ದಾವೆ ರೆಡಿ ಇರಬೇಕು. ಅದಕ್ಕೆ ಹೆಸರು ಕೊಡುವ ಷೇರುದಾರನೂ ರೆಡಿ ಇರಬೇಕು.

ಈ ಓಟ ಎಷ್ಟು ಜೋರಾಗಿತ್ತು ಅನ್ನೋಕೆ ಒಂದು ಉದಾಹರಣೆ ಸಾಕು. 1993ರ ಏಪ್ರಿಲ್ 2, ಶುಕ್ರವಾರ. ಫಿಲಿಪ್ ಮಾರಿಸ್ ಕಂಪನಿ ಮಾರ್ಲ್‌ಬೊರೊ ಸಿಗರೇಟಿನ ಬೆಲೆಯನ್ನು ಪ್ಯಾಕಿಗೆ 40 ಸೆಂಟ್ ಇಳಿಸ್ತೀವಿ ಅಂತ ಘೋಷಿಸಿತು. ಷೇರು ಅಂದೇ ಶೇ. 23ರಷ್ಟು ಬಿತ್ತು. ಮುಂದಿನ ಕೆಲಸದ ದಿನದೊಳಗೆ ಹಲವು ದಾವೆಗಳು ದಾಖಲಾದವು. ಅವುಗಳಲ್ಲಿ ಎರಡು ದಾವೆಗಳು ಫಿಲಿಪ್ ಮಾರಿಸ್ 'ಆಟಿಕೆ ಉದ್ಯಮದಲ್ಲಿ' ತನ್ನ ಯಶಸ್ಸಿನ ಬಗ್ಗೆ ಭ್ರಮೆ ಹುಟ್ಟಿಸಿತು ಅಂತ ಆರೋಪ ಮಾಡಿದ್ದವು! ಸಿಗರೇಟು ಕಂಪನಿಗೆ ಆಟಿಕೆ ಎಲ್ಲಿಂದ ಬಂತು? ಹಿಂದೆ ಯಾವುದೋ ಆಟಿಕೆ ಕಂಪನಿ ಮೇಲೆ ಹಾಕಿದ್ದ ದಾವೆಯ ಕಡತ ತೆರೆದು, ಹೆಸರು ಬದಲಾಯಿಸಿ, ಪ್ರಿಂಟ್ ಹೊಡೆದಂತಿತ್ತು. ಕಾಪಿ-ಪೇಸ್ಟ್ ಬಗ್‌ಗಳನ್ನು ದಿನಾ ನೋಡೋ ನಮ್ಮಂಥವರಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಆದರೆ ಆ ಕಾಗದ ಸಾವಿರಾರು ಜನರ ಹೆಸರಲ್ಲಿ ಕೋರ್ಟಿಗೆ ಹೋಗಿತ್ತು ಅನ್ನೋದನ್ನು ಮರೆಯಬಾರದು.

ಇನ್ನು ಹೆಸರು ಕೊಡುವವರ ವಿಷಯ. ಈ ಓಟದಲ್ಲಿ ಎಲ್ಲರಿಗಿಂತ ಮುಂದಿದ್ದದ್ದು ಮಿಲ್‌ಬರ್ಗ್ ವೈಸ್ ಎಂಬ ಕಚೇರಿ. ಅದರ ಇಬ್ಬರು ದಿಗ್ಗಜರು ಮೆಲ್ವಿನ್ ವೈಸ್ ಮತ್ತು ವಿಲಿಯಂ ಲೆರಾಕ್. ತನ್ನ ವಕೀಲಿಕೆಯಷ್ಟು ಚೆಂದದ್ದು ಜಗತ್ತಲ್ಲಿ ಇಲ್ಲ, ಯಾಕಂದ್ರೆ ತನಗೆ ಕಕ್ಷಿದಾರರೇ ಇಲ್ಲ ಅನ್ನುವ ಅರ್ಥದ ಮಾತನ್ನು ಲೆರಾಕ್ ಹೇಳಿದ್ದು ಆ ಕಾಲದಲ್ಲೇ ಪ್ರಸಿದ್ಧವಾಗಿತ್ತು. ಅದು ಎಷ್ಟರ ಮಟ್ಟಿಗೆ ನಿಜ ಅಂತ ಗೊತ್ತಾಗಿದ್ದು 2006ರಲ್ಲಿ, ಫೆಡರಲ್ ಸರ್ಕಾರ ಆ ಕಚೇರಿಯ ಮೇಲೆ ಆರೋಪಪಟ್ಟಿ ಸಲ್ಲಿಸಿದಾಗ. ಹಲವಾರು ಕಂಪನಿಗಳ ಒಂದಿಷ್ಟು ಷೇರು ಕೊಂಡಿಟ್ಟುಕೊಂಡು ಕೂತಿರುವ ಕೆಲವು ಜನ. ಯಾವ ಕಂಪನಿಯ ಷೇರು ಬಿದ್ದರೂ ಅವರ ಹೆಸರು ಸಿದ್ಧ. ಪ್ರತಿಯಾಗಿ ಅವರಿಗೆ ವಕೀಲರ ಫೀಸಿನಲ್ಲಿ ಗುಟ್ಟಾಗಿ ಪಾಲು. ಎರಡು ದಶಕಕ್ಕೂ ಹೆಚ್ಚು ಕಾಲ, 150ರಷ್ಟು ದಾವೆಗಳಲ್ಲಿ, ಒಟ್ಟು ಒಂದು ಕೋಟಿ ಡಾಲರಿಗೂ ಮೀರಿ ಹೀಗೆ ಕೈ ಬದಲಾಯಿಸಿತ್ತು ಅನ್ನೋದು ಆರೋಪ. ಬಾಯಿಬಿಟ್ಟವರಲ್ಲಿ ಒಬ್ಬರು ಲಾಸ್ ಏಂಜಲಿಸ್‌ನ ಕಣ್ಣಿನ ಡಾಕ್ಟರು. ತಮ್ಮದೇ ಮನೆಯ ಮೊನೆ ಮತ್ತು ಪಿಕಾಸೊ ಚಿತ್ರಗಳು ಕಳುವಾದವು ಅಂತ ನಾಟಕ ಆಡಿ ವಿಮೆ ಹಣ ಪಡೆದ ಕೇಸಿನಲ್ಲಿ ಸಿಕ್ಕಿಬಿದ್ದಿದ್ದವರು! ಇಂಥವರು ಲಕ್ಷಾಂತರ ಷೇರುದಾರರ ಪ್ರತಿನಿಧಿ. ಲೆರಾಕ್ ಮತ್ತು ವೈಸ್ ಇಬ್ಬರೂ ತಪ್ಪೊಪ್ಪಿಕೊಂಡರು. ಒಬ್ಬರಿಗೆ 24 ತಿಂಗಳು, ಇನ್ನೊಬ್ಬರಿಗೆ 30 ತಿಂಗಳು ಜೈಲಾಯ್ತು. ಕಚೇರಿ 7.5 ಕೋಟಿ ಡಾಲರ್ ಕಟ್ಟಿ ಬಚಾವಾಯ್ತು.

ಲಂಚದ ವಿಷಯ ತಪ್ಪು ಅನ್ನೋದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಆ ಏರ್ಪಾಡಿನ ಸ್ವರೂಪ. ಸಾಮಾನ್ಯವಾಗಿ ಕಕ್ಷಿದಾರ ವಕೀಲರನ್ನು ಹುಡುಕ್ತಾನೆ, ಫೀಸು ಮಾತಾಡ್ತಾನೆ, ಕೆಲಸ ಸರಿ ಇಲ್ಲದಿದ್ದರೆ ಬದಲಾಯಿಸ್ತಾನೆ. ಇಲ್ಲಿ ಉಲ್ಟಾ. ವಕೀಲನೇ ಕಕ್ಷಿದಾರನನ್ನು ಹುಡುಕಿ ಇಟ್ಟುಕೊಂಡಿದ್ದಾನೆ. ಹತ್ತು ರೂಪಾಯಿ ನಷ್ಟಕ್ಕೆ ಒಂದು ರೂಪಾಯಿಗೆ ರಾಜಿಯಾದರೂ ಕೇಳೋರಿಲ್ಲ. ಜಗುಲಿಯ ಮೇಲೆ ಎದುರು ಪಾರ್ಟಿ ಜೊತೆ ಕೂತಿರೋದು ವಕೀಲ ಒಬ್ಬನೇ.

ಇದಕ್ಕೆ ಮದ್ದು ಹೇಳಿದವರು ಇಬ್ಬರು ಕಾನೂನು ಮೇಷ್ಟ್ರುಗಳು, ಎಲಿಯಟ್ ವೈಸ್ ಮತ್ತು ಜಾನ್ ಬೆಕರ್ಮನ್. (ಈ ವೈಸ್ ಬೇರೆ, ಮೇಲಿನ ವೈಸ್ ಬೇರೆ.) 1995ರಲ್ಲಿ ಯೇಲ್ ಕಾನೂನು ಪತ್ರಿಕೆಯಲ್ಲಿ ಅವರು ಬರೆದ ಲೇಖನದ ಸಾರ ಇಷ್ಟು: ಪ್ರತಿ ದಾವೆಯಲ್ಲೂ ನಷ್ಟದ ದೊಡ್ಡ ಭಾಗ ಕೆಲವೇ ದೊಡ್ಡ ಸಂಸ್ಥೆಗಳದ್ದು. ಪಿಂಚಣಿ ನಿಧಿ, ಮ್ಯೂಚುವಲ್ ಫಂಡ್, ವಿಮಾ ಕಂಪನಿ ಇಂಥವು. ಅವರಿಗೆ ಓದಿ ತಿಳಿಯೋ ಶಕ್ತಿ ಇದೆ, ಕಳೆದುಕೊಂಡದ್ದೂ ಜಾಸ್ತಿ. ವಕೀಲರ ಮೇಲೆ ಕಣ್ಣಿಡೋ ಕೆಲಸವನ್ನು ಅವರಿಗೇ ವಹಿಸಿ, ದುಡ್ಡೇ ಕಾವಲು ಕಾಯಲಿ. ಅದೇ ವರ್ಷ ಅಮೆರಿಕದ ಕಾಂಗ್ರೆಸ್ ಷೇರು ದಾವೆಗಳ ಸುಧಾರಣೆಯ ಕಾಯ್ದೆ ಬರೆಯುವಾಗ ಈ ಸಲಹೆಯನ್ನು ಹೆಚ್ಚುಕಡಿಮೆ ಹಾಗೇ ಎತ್ತಿಕೊಂಡಿತು. ಅಧ್ಯಕ್ಷ ಕ್ಲಿಂಟನ್ ಡಿಸೆಂಬರ್ 19ರಂದು ಕಾಯ್ದೆಯನ್ನು ವೀಟೋ ಮಾಡಿದರು. ಅವರ ತಕರಾರು ಇದ್ದದ್ದು ಮುಖ್ಯ ವಾದಿಯ ವಿಷಯಕ್ಕಲ್ಲ, ದಾವೆ ಹೂಡುವಾಗಲೇ ಇಷ್ಟೆಲ್ಲ ಸಾಕ್ಷ್ಯ ಬೇಕು ಅನ್ನೋ ಕಟ್ಟುನಿಟ್ಟಿಗೆ. ಮೂರೇ ದಿನದಲ್ಲಿ ಕೆಳಮನೆ 319-100, ಸೆನೆಟ್ 68-30 ಮತಗಳಿಂದ ವೀಟೋ ಮುರಿದವು. ಕ್ಲಿಂಟನ್‌ರ ಎಂಟು ವರ್ಷದಲ್ಲಿ ಹೀಗೆ ಮುರಿದ ವೀಟೋಗಳು ಎರಡೇ.

ಇನ್ಫೋಸಿಸ್ ಪ್ರಕಟಣೆಗಳಲ್ಲಿದ್ದ ಡಿಸೆಂಬರ್ 23ರ ಗುಟ್ಟು ಈ ಕಾಯ್ದೆಯಲ್ಲಿದೆ. ಮೊದಲ ದಾವೆ ಹೂಡಿದವರು 20 ದಿನದೊಳಗೆ ರಾಷ್ಟ್ರಮಟ್ಟದ ವಾಣಿಜ್ಯ ಪತ್ರಿಕೆಯಲ್ಲೋ ಸುದ್ದಿಜಾಲದಲ್ಲೋ ನೋಟಿಸು ಹಾಕಬೇಕು. ಅಲ್ಲಿಂದ 60 ದಿನ ಯಾರು ಬೇಕಾದರೂ 'ನಾನು ಮುಖ್ಯ ವಾದಿಯಾಗ್ತೀನಿ' ಅಂತ ಅರ್ಜಿ ಹಾಕಬಹುದು. ಅಕ್ಟೋಬರ್ 24ಕ್ಕೆ 60 ಸೇರಿಸಿ ನೋಡಿ. ಬೇರೆಬೇರೆ ದಾವೆಗಳಿದ್ದರೆ ಮೊದಲು ಅವುಗಳನ್ನು ಒಗ್ಗೂಡಿಸಬೇಕು, ಆಮೇಲೆ ಆಯ್ಕೆ. ಅರ್ಜಿ ಹಾಕಿದವರಲ್ಲಿ ಯಾರ ಹಣಕಾಸಿನ ಹಿತ ಎಲ್ಲರಿಗಿಂತ ದೊಡ್ಡದೋ, ಅಂದರೆ ಹೆಚ್ಚುಕಡಿಮೆ ಯಾರು ಹೆಚ್ಚು ಕಳೆದುಕೊಂಡಿದ್ದಾರೋ, ಅವರೇ ಸೂಕ್ತ ಅಂತ ಕೋರ್ಟು ಮೊದಲಿಗೆ ಭಾವಿಸಬೇಕು. ಅವರ ಹಿತ ಮಿಕ್ಕವರ ಹಿತಕ್ಕೆ ಹೊಂದಲ್ಲ ಅಂತ ಬೇರೆಯವರು ಸಾಬೀತು ಮಾಡಿದರೆ ಮಾತ್ರ ಮುಂದಿನವರನ್ನು ನೋಡಬೇಕು. ವಕೀಲರನ್ನು ಆರಿಸೋ ಹಕ್ಕು ಮುಖ್ಯ ವಾದಿಯದು, ಕೋರ್ಟಿನ ಒಪ್ಪಿಗೆ ಬೇಕು ಅಷ್ಟೆ. ಕಣ್ಣಿನ ಡಾಕ್ಟರಂಥವರಿಗೂ ಮೂಗುದಾರ ಬಿತ್ತು: ಮೂರು ವರ್ಷದಲ್ಲಿ ಐದು ದಾವೆಗಿಂತ ಹೆಚ್ಚಿಗೆ ಮುಖ್ಯ ವಾದಿಯಾಗೋ ಹಾಗಿಲ್ಲ, ವಕೀಲರು ಹೇಳಿ ಷೇರು ಕೊಂಡಿಲ್ಲ ಅಂತ ಪ್ರಮಾಣ ಮಾಡಬೇಕು.

ನಮ್ಮ ಕ್ಷೇತ್ರದಲ್ಲಿ ಇದಕ್ಕೆ ಹತ್ತಿರದ ಒಂದು ಲೆಕ್ಕಾಚಾರ ಇದೆ. ಹತ್ತಾರು ಸರ್ವರ್‌ಗಳು ಒಟ್ಟಿಗೆ ಕೆಲಸ ಮಾಡುವಾಗ ನಾಯಕ ಸರ್ವರ್ ಸತ್ತರೆ ಮಿಕ್ಕವು ತಮ್ಮೊಳಗೆ ಹೊಸ ನಾಯಕನನ್ನು ಆರಿಸಿಕೊಳ್ಳಬೇಕು. 1982ರಲ್ಲಿ ಗಾರ್ಸಿಯಾ-ಮೊಲಿನಾ ಬರೆದ ವಿಧಾನವೊಂದಕ್ಕೆ 'ಬುಲ್ಲಿ ಅಲ್ಗಾರಿದಮ್' ಅಂತಲೇ ಹೆಸರು: ಬದುಕಿರೋರಲ್ಲಿ ಯಾರ ಸಂಖ್ಯೆ ದೊಡ್ಡದೋ ಅವರೇ ನಾಯಕ, ಮಾತು ಮುಗೀತು. 1995ರ ಮುಂಚಿನದು ಮೊದಲು ಬೀಗ ಹಿಡಿದವನದೇ ರಾಜ್ಯ, ಆಮೇಲಿನದು ಬುಲ್ಲಿ. ಆದರೆ ಸರ್ವರ್‌ಗಳ ಸಂಖ್ಯೆಯನ್ನು ಮೊದಲೇ ಕೊಟ್ಟಿರ್ತೀವಿ, ಜಗಳಕ್ಕೆ ಜಾಗ ಇಲ್ಲ. ನಷ್ಟದ ಸಂಖ್ಯೆ ಹಾಗಲ್ಲ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಒಂದು ನಿಧಿಯ ಹತ್ತಿರ ವಂಚನೆ ಶುರುವಾಗೋ ಮುಂಚಿನ 1 ಲಕ್ಷ ಷೇರು ಇದೆ. ವಂಚನೆ ನಡೀತಿದ್ದ ಅವಧಿಯಲ್ಲಿ ಇನ್ನೊಂದು ಲಕ್ಷವನ್ನು 40 ಡಾಲರಿಗೆ ಕೊಳ್ಳುತ್ತೆ, ಸತ್ಯ ಹೊರಬೀಳೋ ಮುಂಚೆಯೇ 1 ಲಕ್ಷವನ್ನು 38ಕ್ಕೆ ಮಾರುತ್ತೆ. ಸತ್ಯ ಹೊರಬಿದ್ದ ಮೇಲೆ ಬೆಲೆ 15. ಈಗ ನಷ್ಟ ಎಷ್ಟು? ಮೊದಲು ಕೊಂಡದ್ದು ಮೊದಲು ಮಾರಾಟವಾಯ್ತು ಅಂತ ಹಿಡಿದರೆ, ಹೋದದ್ದು ಹಳೇ ಷೇರು. 40ಕ್ಕೆ ಕೊಂಡದ್ದು ಕೈಯಲ್ಲೇ ಉಳಿದು 15ಕ್ಕೆ ಇಳಿಯಿತು. ನಷ್ಟ 25 ಲಕ್ಷ ಡಾಲರ್. ಕೊನೆಗೆ ಕೊಂಡದ್ದೇ ಮೊದಲು ಮಾರಾಟವಾಯ್ತು ಅಂತ ಹಿಡಿದರೆ ಷೇರಿಗೆ 2 ಡಾಲರಿನಂತೆ 2 ಲಕ್ಷ ಮಾತ್ರ. ಅದೂ ಸತ್ಯ ಹೊರಬೀಳೋ ಮುಂಚೆ ಆದ ನಷ್ಟ. ಅಂಥದ್ದಕ್ಕೂ ವಂಚನೆಗೂ ಸಂಬಂಧ ತೋರಿಸೋದು ಕಷ್ಟ. ಬರೀ ಏರಿಸಿದ ಬೆಲೆಗೆ ಕೊಂಡೆ ಅಂದರೆ ಸಾಲದು, ವಂಚನೆಯಿಂದಲೇ ನಷ್ಟವಾಯ್ತು ಅಂತ ತೋರಿಸಬೇಕು ಅಂತ ಅಮೆರಿಕದ ಸುಪ್ರೀಂ ಕೋರ್ಟು 2005ರ ಡ್ಯೂರಾ ಪ್ರಕರಣದಲ್ಲಿ ಹೇಳಿತು. ಒಂದೇ ನಿಧಿ, ಅದೇ ಷೇರು, ಲೆಕ್ಕದ ಸಾಲು ಬದಲಾದರೆ 25 ಲಕ್ಷ 2 ಲಕ್ಷವಾಗುತ್ತೆ. 'ಹಣಕಾಸಿನ ಹಿತ'ವನ್ನು ಹೇಗೆ ಅಳೀಬೇಕು ಅಂತ ಕಾಯ್ದೆ ಹೇಳಲೇ ಇಲ್ಲ. ಕೊಂಡ ಷೇರೆಷ್ಟು, ಉಳಿದ ಷೇರೆಷ್ಟು, ಹಾಕಿದ ಹಣವೆಷ್ಟು, ಅಂದಾಜು ನಷ್ಟವೆಷ್ಟು ಅಂತ ನಾಲ್ಕು ಅಳತೆಗಳನ್ನು ಕೋರ್ಟುಗಳೇ 1997ರಿಂದೀಚೆಗೆ ರೂಢಿಗೆ ತಂದವು. ನಷ್ಟದ ಲೆಕ್ಕಕ್ಕೆ ಎರಡನೇ ವಿಧಾನವೇ ಸರಿ ಅಂತ ಹಲವು ನ್ಯಾಯಾಧೀಶರು ಬರಬರುತ್ತಾ ಒಪ್ಪಿದರು. 'ನಾನು ಹೆಚ್ಚು ಕಳಕೊಂಡೆ' ಅಂತ ಜನ ಪೈಪೋಟಿಗೆ ಬೀಳೋ ಜಾಗ ಬಹುಶಃ ಇದೊಂದೇ.

ಕಾಯ್ದೆ ಬಂದ ಮೇಲೆ ಅದರ ದೊಡ್ಡ ಪರೀಕ್ಷೆ ಆಗಿದ್ದು ಸೆಂಡಂಟ್ ಪ್ರಕರಣದಲ್ಲಿ. 1997ರ ಡಿಸೆಂಬರಿನಲ್ಲಿ ಎರಡು ಕಂಪನಿಗಳು ಸೇರಿ ಹುಟ್ಟಿದ್ದು ಸೆಂಡಂಟ್. 1998ರ ಏಪ್ರಿಲ್ 15ರ ಸಂಜೆ, ಲೆಕ್ಕದಲ್ಲಿ ಅವ್ಯವಹಾರ ಸಿಕ್ಕಿದೆ ಅಂತ ಕಂಪನಿಯೇ ಹೇಳಿತು. ಮಾರನೇ ದಿನ ಷೇರು ಹೆಚ್ಚುಕಡಿಮೆ ಅರ್ಧಕ್ಕೆ ಬಂತು. ಒಂದೇ ದಿನದಲ್ಲಿ 1,400 ಕೋಟಿ ಡಾಲರ್ ಮಾಯ. ಹತ್ತಾರು ದಾವೆಗಳು ನ್ಯೂಜೆರ್ಸಿ ಕೋರ್ಟಿನಲ್ಲಿ ಒಂದಾದವು. ಮುಖ್ಯ ವಾದಿಯಾಗಿ ಮೂರು ದೊಡ್ಡ ಪಿಂಚಣಿ ನಿಧಿಗಳು ಒಟ್ಟಾಗಿ ಬಂದವು: ಕ್ಯಾಲಿಫೋರ್ನಿಯಾ ಸರ್ಕಾರಿ ನೌಕರರದ್ದು, ನ್ಯೂಯಾರ್ಕ್ ರಾಜ್ಯದ್ದು, ನ್ಯೂಯಾರ್ಕ್ ನಗರದ್ದು. ಕಾಯ್ದೆ ಬರೆದವರು ಕನಸಲ್ಲಿ ಕಂಡಿದ್ದು ಇಂಥವರನ್ನೇ. ಅವರು ವಕೀಲರ ಜೊತೆ ಕೂತು ಫೀಸಿನ ದರ ಚೌಕಾಸಿ ಮಾಡಿ ಬರೆಸಿಕೊಂಡೂ ಬಂದಿದ್ದರು.

ಆದರೆ ನ್ಯಾಯಾಧೀಶ ವಿಲಿಯಂ ವಾಲ್ಸ್ ಅವರಿಗೆ ಇನ್ನೂ ಒಳ್ಳೇ ಉಪಾಯ ಹೊಳೆಯಿತು: ವಕೀಲರ ಹರಾಜು. ಯಾರು ಕಡಿಮೆ ಪಾಲಿಗೆ ಕೆಲಸ ಮಾಡ್ತಾರೋ ಅವರಿಗೆ ಕೇಸು. ಈ ಉಪಾಯ ಮೊದಲು ಮಾಡಿದ್ದು 1990ರಲ್ಲಿ, ಒರಾಕಲ್ ಕಂಪನಿ ಮೇಲಿನ ದಾವೆಯಲ್ಲಿ, ಕ್ಯಾಲಿಫೋರ್ನಿಯಾದ ನ್ಯಾಯಾಧೀಶ ವಾನ್ ವಾಕರ್. ಸೆಂಡಂಟ್‌ನಲ್ಲಿ ಹರಾಜು ನಡೆಸಿ, ಅತಿ ಕಡಿಮೆ ದರಕ್ಕೆ ಒಪ್ಪೋದಾದರೆ ನಿಮ್ಮ ವಕೀಲರೇ ಇರಲಿ ಅಂತ ನಿಧಿಗಳಿಗೆ ಹೇಳಿದರು. ದಾವೆ ದಾಖಲೆ ಮೊತ್ತಕ್ಕೆ ರಾಜಿಯಾಯ್ತು: ಕಂಪನಿಯಿಂದ 285 ಕೋಟಿ ಡಾಲರ್, ಆಡಿಟರ್ ಅರ್ನ್ಸ್ಟ್ ಅಂಡ್ ಯಂಗ್‌ನಿಂದ 33.5 ಕೋಟಿ. ಹರಾಜಿನ ದರದಂತೆ ಫೀಸು ಲೆಕ್ಕ ಹಾಕಿದರೆ 26.2 ಕೋಟಿ ಡಾಲರ್! ನಿಧಿಗಳು ಮೊದಲೇ ಮಾಡಿಕೊಂಡಿದ್ದ ಒಪ್ಪಂದದಂತೆ ಹೋಗಿದ್ದರೆ ಇದಕ್ಕಿಂತ ಕೋಟಿಗಟ್ಟಲೆ ಕಡಿಮೆ ಆಗ್ತಿತ್ತು. ಕಕ್ಷಿದಾರನ ಚೌಕಾಸಿಯನ್ನು ಪಕ್ಕಕ್ಕಿಟ್ಟು ಹಣ ಉಳಿಸಲು ಹೋದ ಕೋರ್ಟು ದುಬಾರಿ ಬಿಲ್ಲು ತಂದಿಟ್ಟಿತ್ತು. 2001ರಲ್ಲಿ ಮೇಲಿನ ಕೋರ್ಟು, ವಕೀಲರನ್ನು ಆರಿಸೋದು ಮುಖ್ಯ ವಾದಿಯ ಹಕ್ಕು, ಹರಾಜು ಅಪರೂಪಕ್ಕೆ ಮಾತ್ರ ಅಂತ ಹೇಳಿ ಫೀಸಿನ ಆದೇಶ ರದ್ದು ಮಾಡಿತು. ಕೊನೆಗೆ ವಕೀಲರಿಗೆ ಸಿಕ್ಕಿದ್ದು 5.5 ಕೋಟಿ. ಕಕ್ಷಿದಾರ ಅನ್ನೋನು ನಿಜಕ್ಕೂ ಇದ್ದರೆ ಏನು ವ್ಯತ್ಯಾಸ ಆಗುತ್ತೆ ಅನ್ನೋಕೆ ಇದಕ್ಕಿಂತ ಸ್ಪಷ್ಟ ಲೆಕ್ಕ ನನಗೆ ಸಿಕ್ಕಿಲ್ಲ.

ಅದೇ ವಾಕರ್ 2002ರಲ್ಲಿ ಇನ್ನೊಮ್ಮೆ ಸುದ್ದಿಯಾದರು. ಕಾಪರ್ ಮೌಂಟನ್ ಎಂಬ ನೆಟ್‌ವರ್ಕ್ ಕಂಪನಿಯ ದಾವೆಯಲ್ಲಿ 33 ಲಕ್ಷ ಡಾಲರ್ ಕಳೆದುಕೊಂಡ ಗುಂಪನ್ನು ಬಿಟ್ಟು, 59 ಸಾವಿರ ಕಳೆದುಕೊಂಡ ಒಬ್ಬರನ್ನು ಮುಖ್ಯ ವಾದಿ ಮಾಡಿದರು. ಕಾರಣ, ಆ ಸಣ್ಣ ಹೂಡಿಕೆದಾರ ವಕೀಲರ ಹತ್ತಿರ ಒಳ್ಳೇ ಚೌಕಾಸಿ ಮಾಡಿದ್ದರು. ನನಗೆ ಈ ತೀರ್ಮಾನ ಇಷ್ಟವಾಯ್ತು, ಮೇಲಿನ ಕೋರ್ಟಿಗೆ ಆಗಲಿಲ್ಲ. ಯಾರು ಚೆನ್ನಾಗಿ ನಡೆಸ್ತಾರೆ ಅಂತ ನೀವು ಹೋಲಿಸೋ ಹಾಗಿಲ್ಲ, ದೊಡ್ಡ ನಷ್ಟದವರು ಅರ್ಹರಾಗಿದ್ದರೆ ಮುಗೀತು ಅಂತ ತಿರುಗಿಸಿತು. ಬುಲ್ಲಿ ಅಂದ್ರೆ ಬುಲ್ಲಿ.

ಆಮೇಲಿನ ಎನ್ರಾನ್, ವರ್ಲ್ಡ್‌ಕಾಮ್ ಕತೆಗಳು ಎಲ್ಲರಿಗೂ ಗೊತ್ತಿರೋದು. ಎನ್ರಾನ್‌ನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮುಖ್ಯ ವಾದಿ, 720 ಕೋಟಿ ಡಾಲರ್ ವಸೂಲಿ. ವಿಶ್ವವಿದ್ಯಾಲಯ ಆರಿಸಿಕೊಂಡ ವಕೀಲ ಯಾರು ಗೊತ್ತಾ, ಕಕ್ಷಿದಾರರೇ ಇಲ್ಲ ಅಂದಿದ್ದ ಅದೇ ಲೆರಾಕ್! ವರ್ಲ್ಡ್‌ಕಾಮ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಪಿಂಚಣಿ ನಿಧಿ 600 ಕೋಟಿ ಡಾಲರಿಗೂ ಹೆಚ್ಚು ತಂದಿತು. ಅಷ್ಟೇ ಅಲ್ಲ, ನಿರ್ದೇಶಕರು ವಿಮೆಯಿಂದಲ್ಲ, ಸ್ವಂತ ಜೇಬಿಂದ ಕಟ್ಟಬೇಕು ಅಂತ ಪಟ್ಟು ಹಿಡಿದು ಕಟ್ಟಿಸಿತು. ಹಣದ ಪಾಲಿಗಾಗಿ ಕೆಲಸ ಮಾಡೋ ವಕೀಲ ಒಬ್ಬನೇ ಇದ್ದಿದ್ದರೆ ಈ ಪಟ್ಟು ಹಿಡಿಯೋಕೆ ಕಾರಣವೇ ಇರಲಿಲ್ಲ. ಸರ್ಕಾರಿ ಪಿಂಚಣಿ ನಿಧಿ ಮುಂದಿರೋ ದಾವೆಗಳಲ್ಲಿ ವಸೂಲಿ ಹೆಚ್ಚು, ಫೀಸು ಕಡಿಮೆ ಅಂತ ಮುಂದೆ ವಿದ್ವಾಂಸರೂ ಕಂಡುಕೊಂಡರು. ಅವರು ಗಟ್ಟಿ ಕೇಸುಗಳನ್ನೇ ಆರಿಸಿಕೊಳ್ತಾರೆ ಅನ್ನೋ ವಾದವೂ ಇದೆ.

ಹಾಗಂತ ಓಟ ನಿಂತಿತಾ? ದಾರಿ ಬದಲಾಯಿಸಿತು ಅಷ್ಟೆ. ಮೊದಲು ಕೋರ್ಟಿನ ಬಾಗಿಲಿಗೆ ಓಡ್ತಿದ್ದವರು ಈಗ ಪಿಂಚಣಿ ನಿಧಿಗಳ ಬಾಗಿಲಿಗೆ ಓಡತೊಡಗಿದರು. ನಿಮ್ಮ ಹೂಡಿಕೆಗಳ ಮೇಲೆ ನಾವು ಪುಕ್ಕಟೆ ಕಣ್ಣಿಟ್ಟಿರ್ತೀವಿ, ನಷ್ಟವಾದರೆ ನಾವೇ ಹೇಳ್ತೀವಿ ಅನ್ನೋ ಸೇವೆ ಶುರುವಾಯ್ತು. ಅಮೆರಿಕದ ಹಲವು ನಿಧಿಗಳ ಮುಖ್ಯಸ್ಥರು ಚುನಾವಣೆಯಲ್ಲಿ ಗೆದ್ದು ಬರೋ ರಾಜಕಾರಣಿಗಳು. ವಕೀಲರ ಕಚೇರಿಗಳಿಂದ ಚುನಾವಣಾ ದೇಣಿಗೆ ಹೋಗ್ತಿದ್ದದ್ದು ದೊಡ್ಡ ಚರ್ಚೆಯಾಯ್ತು. ವರ್ಲ್ಡ್‌ಕಾಮ್ ಗೆಲುವಿನ ಕಾಲಕ್ಕೆ ನ್ಯೂಯಾರ್ಕ್ ನಿಧಿಯ ಹೊಣೆ ಹೊತ್ತಿದ್ದ ಅಲನ್ ಹೆವೆಸಿ ಮುಂದೆ ಅದೇ ನಿಧಿಯ ಹೂಡಿಕೆಗೆ ಸಂಬಂಧಿಸಿದ ಬೇರೊಂದು ಭ್ರಷ್ಟಾಚಾರದಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದರು. ದೊಡ್ಡ ನಿಧಿ ಸಿಗದ ಕಡೆ ವಕೀಲರು ಪರಿಚಯವೇ ಇಲ್ಲದ ಹತ್ತಾರು ಹೂಡಿಕೆದಾರರನ್ನು ಒಂದು 'ಗುಂಪು' ಅಂತ ಪೋಣಿಸಿ, ನಷ್ಟಗಳನ್ನು ಕೂಡಿಸಿ ದೊಡ್ಡ ಸಂಖ್ಯೆ ಮಾಡೋದನ್ನೂ ಕಲಿತರು. ಕಾಯ್ದೆಯಲ್ಲಿ 'ವ್ಯಕ್ತಿ ಅಥವಾ ವ್ಯಕ್ತಿಗಳ ಗುಂಪು' ಅಂತ ಇತ್ತಲ್ಲ, ಆ ಸಂದಿಯಲ್ಲಿ ತೂರಿಕೊಂಡರು.

ಇಷ್ಟೆಲ್ಲ ಹುಳುಕಿದ್ದರೂ ಅಲ್ಲಿ ಮೊದಲ ಸಹಿಗೆ ಒಬ್ಬರು ಸಿಗ್ತಾರೆ. ನಮ್ಮಲ್ಲಿ ಸಿಗದೇ ಹೋದರೆ ಏನಾಗುತ್ತೆ ಅಂತ ತೋರಿಸಿದ್ದು ಸತ್ಯಂ.

2009ರ ಜನವರಿ 7ರಂದು ರಾಮಲಿಂಗ ರಾಜು ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಅಂತ ಒಪ್ಪಿಕೊಂಡರು. ಸತ್ಯಂ ಷೇರು ಮುಂಬೈ ಪೇಟೆಯಲ್ಲೂ ಇತ್ತು, ಡಿಪಾಸಿಟರಿ ರೂಪದಲ್ಲಿ ನ್ಯೂಯಾರ್ಕ್ ಪೇಟೆಯಲ್ಲೂ ಇತ್ತು. ನ್ಯೂಯಾರ್ಕಿನಲ್ಲಿ ಕೂಡಲೇ ದಾವೆಗಳು ಬಿದ್ದವು, ಒಂದಾದವು, ನೋಟಿಸು ಹೊರಟಿತು. ಆ ವರ್ಷವೇ ನಾಲ್ಕು ಸಂಸ್ಥೆಗಳು ಜಂಟಿಯಾಗಿ ಮುಖ್ಯ ವಾದಿಗಳಾದವು: ಮಿಸಿಸಿಪಿ ರಾಜ್ಯದ ನೌಕರರ ಪಿಂಚಣಿ ನಿಧಿ, ನಾರ್ವೆಯ ಸ್ಕಾಗೆನ್, ಡೆನ್ಮಾರ್ಕಿನ ಸ್ಯಾಂಪೆನ್ಷನ್, ಮತ್ತೆ ಬ್ರಿಟನ್ನಿನ ಗಣಿ ಕಾರ್ಮಿಕರ ಪಿಂಚಣಿ ಯೋಜನೆ. 1676ರಲ್ಲಿ ಪಾದ್ರಿಗೆ ಸೋತದ್ದು ಸೀಸದ ಗಣಿಯವರು, ಇವರು ಕಲ್ಲಿದ್ದಲಿನವರು, ನಂಟೇನೂ ಇಲ್ಲ. ಆದರೂ ಪಟ್ಟಿಯಲ್ಲಿ ಗಣಿಯವರ ಹೆಸರು ನೋಡಿ ನನಗೆ ಖುಷಿಯಾಯ್ತು. 2011ರಲ್ಲಿ ಸತ್ಯಂ 12.5 ಕೋಟಿ ಡಾಲರ್, ಆಡಿಟರ್ ಪ್ರೈಸ್‌ವಾಟರ್‌ಹೌಸ್ 2.55 ಕೋಟಿ ಡಾಲರ್ ಕೊಡೋಕೆ ಒಪ್ಪಿದವು.

ಮುಂಬೈ ಪೇಟೆಯಲ್ಲಿ ಷೇರು ಕೊಂಡ ನಮ್ಮವರ ಕತೆ? ಹೂಡಿಕೆದಾರರ ಸಂಘವೊಂದು ಸುಮಾರು 3 ಲಕ್ಷ ಷೇರುದಾರರ ಪರವಾಗಿ, ಹತ್ತಿರ ಹತ್ತಿರ 5 ಸಾವಿರ ಕೋಟಿ ರೂಪಾಯಿ ಪರಿಹಾರ ಕೇಳಿ ರಾಷ್ಟ್ರೀಯ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಿತು. ಆಯೋಗ ಕೇಸನ್ನು ತೆಗೆದುಕೊಳ್ಳಲಿಲ್ಲ, ಸುಪ್ರೀಂ ಕೋರ್ಟಿನಲ್ಲೂ ಫಲ ಸಿಗಲಿಲ್ಲ. ಅಮೆರಿಕದ ಕಾನೂನು ಅಲ್ಲಿ ನಡೆದ ವಹಿವಾಟಿಗೆ ಮಾತ್ರ ಅಂತ 2010ರ ಜೂನಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇನ್ನೊಂದು ಪ್ರಕರಣದಲ್ಲಿ ಹೇಳಿದ ಮೇಲೆ ಆ ಬಾಗಿಲೂ ಮುಚ್ಚಿತು. ಇನ್ನೊಂದು ಸೂಕ್ಷ್ಮ ಗಮನಿಸಿ. ಆ 12.5 ಕೋಟಿ ಡಾಲರ್ ಹೋದದ್ದು ರಾಜು ಜೇಬಿಂದ ಅಲ್ಲ, ಕಂಪನಿಯ ಖಜಾನೆಯಿಂದ. ಕಂಪನಿ ಅಂದರೆ ಅದರ ಷೇರುದಾರರು. ಅಂದರೆ ಷೇರು ಮಾರದೆ ಕೂತಿದ್ದ ಹೈದರಾಬಾದಿನ, ದಾವಣಗೆರೆಯ ಒಬ್ಬ ನಿವೃತ್ತ ಮೇಷ್ಟ್ರು ತಾನೂ ವಂಚನೆಗೆ ಒಳಗಾಗಿ, ತನ್ನ ಪಾಲಿಂದಲೇ ನ್ಯೂಯಾರ್ಕಿನಲ್ಲಿ ಕೊಂಡವರಿಗೆ ಪರಿಹಾರ ಕೊಟ್ಟ ಹಾಗಾಯ್ತು.

ಸತ್ಯಂ ಆದ ಮೇಲೆ 2013ರ ಕಂಪನಿ ಕಾಯ್ದೆಯ 245ನೇ ಸೆಕ್ಷನ್ನಿನಲ್ಲಿ ಸಮೂಹ ದಾವೆ ಬಂತು, ಜಾರಿಯಾಗಿದ್ದು 2016ರ ಜೂನ್ 1ರಿಂದ. ಮುಖ್ಯ ಅರ್ಜಿದಾರನ ವಿಷಯದಲ್ಲಿ ನಮ್ಮ ಕಾನೂನು ಅಮೆರಿಕದ ದಾರಿ ಹಿಡಿಯಲಿಲ್ಲ. ಬೇರೆಬೇರೆ ಕಡೆಯ ಒಂದೇ ಥರದ ಅರ್ಜಿಗಳನ್ನು ಒಗ್ಗೂಡಿಸಬೇಕು, ಮುಖ್ಯ ಅರ್ಜಿದಾರ ಯಾರಾಗಬೇಕು ಅಂತ ಸದಸ್ಯರೇ ಆರಿಸಬೇಕು, ಒಮ್ಮತ ಬರದಿದ್ದರೆ ಮಾತ್ರ ಕಂಪನಿ ಕಾನೂನು ನ್ಯಾಯಮಂಡಳಿ ನೇಮಿಸಬೇಕು. ಯಾರ ನಷ್ಟ ದೊಡ್ಡದು ಅನ್ನೋ ಮಾತೇ ಇಲ್ಲ. ಊರ ಅರ್ಜಿಯ ಪದ್ಧತಿಯೇ ಇದು, ನನಗೆ ಮನಸ್ಸಿಗೆ ಹತ್ತಿರವಾದದ್ದೂ ಇದೇ. ಆದರೆ ಅರ್ಜಿ ಶುರುವಾಗಬೇಕಾದರೆ ಕನಿಷ್ಠ 100 ಸದಸ್ಯರಾದರೂ ಸೇರಬೇಕು, ಇಲ್ಲವೇ ಪೇಟೆಯಲ್ಲಿ ನೋಂದಾಯಿತ ಕಂಪನಿಯಾದರೆ ಶೇ. 2ರಷ್ಟು ಷೇರು ಕೈಯಲ್ಲಿರಬೇಕು. ಬ್ಯಾಂಕುಗಳ ಮೇಲೆ ಈ ಅರ್ಜಿ ಹಾಕೋ ಹಾಗೇ ಇಲ್ಲ. ನಮ್ಮ ವಕೀಲರು ಗೆದ್ದ ಹಣದಲ್ಲಿ ಪಾಲು ತೆಗೆದುಕೊಳ್ಳೋ ಹಾಗಿಲ್ಲ, ಜಾಹೀರಾತು ಹಾಕೋ ಹಾಗೂ ಇಲ್ಲ. ಬಾರ್ ಕೌನ್ಸಿಲ್ ನಿಯಮ. ಅಮೆರಿಕದ ಓಟದ ಕಾಯಿಲೆ ನಮಗೆ ಬರದೇ ಇರೋದು ಇದರಿಂದಲೇ. ಆದರೆ ಮುಖವೇ ಗೊತ್ತಿಲ್ಲದ ನೂರು ಷೇರುದಾರರನ್ನು ಸ್ವಂತ ಖರ್ಚಿನಲ್ಲಿ ಯಾರು ಒಟ್ಟು ಮಾಡ್ತಾರೆ? ಅಲ್ಲಿ ಮೊದಲ ಸಹಿಗೆ ನೂಕುನುಗ್ಗಲು, ಇಲ್ಲಿ ಕಾಗದ ಇಟ್ಟುಕೊಂಡು ಕಾಯಬೇಕು. ಓಟದ ಕೆಟ್ಟ ಚಾಳಿಗಳನ್ನೆಲ್ಲ ನೋಡಿದ ಮೇಲೂ, ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ನೂಕುನುಗ್ಗಲನ್ನೇ ಆರಿಸ್ತೀನಿ. ಪಿಂಚಣಿ ನಿಧಿಯೊಂದು ಜಗುಲಿಯ ಮೇಲೆ ಕೂತಿದೆ ಅಂತಾದರೂ ಗೊತ್ತಿರುತ್ತೆ.

ನಮ್ಮ ನಿಯಮಾವಳಿಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಾಲಿದೆ. ಅರ್ಜಿಯನ್ನು ನ್ಯಾಯಮಂಡಳಿ ಅಂಗೀಕರಿಸಿದ ಏಳು ದಿನದೊಳಗೆ ಸದಸ್ಯರಿಗೆಲ್ಲ ತಿಳಿಯುವಂತೆ ಬಹಿರಂಗ ನೋಟಿಸು ಹಾಕಬೇಕು, ಇಂಗ್ಲಿಷ್ ಪತ್ರಿಕೆಯಲ್ಲಿ ಒಮ್ಮೆ, ಕಂಪನಿಯ ನೋಂದಾಯಿತ ಕಚೇರಿ ಇರುವ ರಾಜ್ಯದ ಭಾಷೆಯ ಪತ್ರಿಕೆಯಲ್ಲಿ ಒಮ್ಮೆ. ಅಂದ ಮೇಲೆ ಬೆಂಗಳೂರಲ್ಲಿ ನೋಂದಣಿಯಾದ ಯಾವುದೇ ಐಟಿ ಕಂಪನಿಯ ಮೇಲೆ ಇಂಥ ಅರ್ಜಿ ನಿಂತರೆ ಆ ನೋಟಿಸು ಕನ್ನಡ ಪತ್ರಿಕೆಯಲ್ಲಿ, ಕನ್ನಡದಲ್ಲಿ ಅಚ್ಚಾಗಬೇಕು. ದೇವಸ್ಥಾನದ ಜಮೀನಿನ ನೋಟಿಸಿನ ಪಕ್ಕದಲ್ಲೇ ಬರಬಹುದು. 'ಲೀಡ್ ಅಪ್ಲಿಕೆಂಟ್' ಅನ್ನೋಕೆ ಅದರಲ್ಲಿ ಯಾವ ಪದ ಹಾಕ್ತಾರೋ ನೋಡಬೇಕು.